ಎಮ್ಮೆಗೆ ಹೆದರುತ್ತಿದ್ದ ಟೀಚರ್

ಮೊನ್ನೆ ಬಿಸಿಲು ಚೆನ್ನಾಗಿ ಬಿದ್ದಿತ್ತೆಂದು ಹಳೆಯ ಹತ್ತಿಯ ಹಾಸಿಗೆಯನ್ನು ತಾರಸಿಗೆ ಹೊತ್ತು ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಹೋಗಿ ಕೋಲಿನಿಂದ ಬಡಿದರೆ ಧೂಳಿನ ಜೊತೆಗೆ ಒಂದು ವಾಸನೆ ಎದ್ದಿತು. ಬಿಸಿಲು ಕುಡಿದ ಹತ್ತಿಯ ವಾಸನೆ, ಸ್ವಲ್ಪ ಹುರಿದ ಕಡಲೆಯ ಹಾಗೆ. ನನಗೆ ಅದು ಬಹಳ ಇಷ್ಟ. ನನ್ನ ಮೊಮ್ಮಗಳು ಅನುವಿಗೆ ಇಷ್ಟವಿಲ್ಲ.

"ಅಜ್ಜಿ, ಇದನ್ನ ಬಿಸಾಕು. ಫೋನಲ್ಲಿ ಆರ್ಡರ್ ಮಾಡಿದ್ರೆ ಸ್ಪಂಜಿಂದು ಬಾಗಿಲಿಗೇ ಬರ್ತದೆ" ಎಂದಳು ಮೂಗು ಮುಚ್ಚಿಕೊಂಡು. ಅವಳ ತಮ್ಮ ಕಿರಣ ಹಾಸಿಗೆಯ ಮೇಲೆ ಬಿದ್ದು ಹೊರಳಿ, "ಇದರೊಳಗೆ ಕಲ್ಲಿದೆಯಾ ಅಜ್ಜಿ?" ಎಂದು ಕೇಳಿದ. ಕಲ್ಲಲ್ಲ, ಹತ್ತಿ ಗಂಟು ಕಟ್ಟಿದೆ ಎಂದೆ. ಯಾರು ಮಾಡಿದ್ದು ಎಂದ. ಒಬ್ಬ ಟೀಚರ ಅಪ್ಪ ಎಂದೆ. ಯಾವ ಟೀಚರ್ ಎಂದ. ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅನು ಯಾಕೋ ನಕ್ಕಳು. ನನಗೆ ಎಲ್ಲಿಂದ ಶುರು ಮಾಡಬೇಕೆಂದಿದ್ದೆನೋ ಅದೇ ಮರೆತುಹೋಯಿತು.

ನನ್ನದು ಯಾವಾಗಲೂ ಇದೇ ಕಥೆ. ಎದುರಿಗೆ ಮುಖವಿದ್ದರೆ ಮಾತು ಬರುವುದಿಲ್ಲ. ಮದುವೆಮನೆಯಲ್ಲಿ ಯಾರಾದರೂ "ಹೇಗಿದ್ದೀರಿ" ಎಂದರೆ ನಾನು ಉತ್ತರ ಜೋಡಿಸಿಕೊಳ್ಳುವಷ್ಟರಲ್ಲಿ ಅವರು ಊಟಕ್ಕೆ ಕೂತಿರುತ್ತಾರೆ. ಕಾಗದವಾದರೆ ಕಾಯುತ್ತದೆ, ನಗುವುದಿಲ್ಲ. ಅದಕ್ಕೇ ಮಕ್ಕಳೇ, ಇದನ್ನು ಬರೆದಿಡುತ್ತಿದ್ದೇನೆ. ನನ್ನ ಓದು ಉಡುತಡಿಯ ಶಾಲೆಯಲ್ಲಿ ಏಳನೆಯ ತರಗತಿಗೆ ಮುಗಿಯಿತು, ತಪ್ಪಿದ್ದರೆ ತಿದ್ದಿಕೊಳ್ಳಿ. ನೀವಲ್ಲದೆ ಬೇರೆ ಯಾರಾದರೂ ಓದುತ್ತಿದ್ದರೆ ಅವರೂ ಒಂದು ಲೋಟ ಚಹಾ ಹಿಡಿದು ಪಕ್ಕಕ್ಕೆ ಕೂರಬಹುದು. ಅವರು ಯಾರೆಂದು ನಾನು ಕೇಳುವುದಿಲ್ಲ, ನಾಚಿಕೆಯಾಗುತ್ತದೆ.

ನಿಮ್ಮಮ್ಮ ಸವಿತಾ ಐದನೆಯ ತರಗತಿಯಲ್ಲಿದ್ದಾಗ ಜೈಬುನ್ ಟೀಚರ್ ನಮ್ಮ ಹೊಸಬಾಳೆ ಮನೆಯ ಮುಂದಿನ ಕೋಣೆಗೆ ಬಂದರು. ನಿಮ್ಮಜ್ಜ ಒಂದು ಸಂಜೆ ಗದ್ದೆಯಿಂದ ಬಂದವರು ಕಾಲು ತೊಳೆಯುತ್ತಲೇ, "ಶಾಲೆಗೆ ಹೊಸ ಟೀಚರ್ ಬಂದಾರೆ. ಇರಕ್ಕೆ ಜಾಗ ಇಲ್ವಂತೆ. ನಮ್ಮ ಕೋಣೆ ಕೊಡ್ತೀನಿ ಅಂದು ಬಂದೆ" ಎಂದರು. ನನ್ನ ಅತ್ತೆ, ಅಂದರೆ ನಿಮ್ಮ ಮುತ್ತಜ್ಜಿ, ಒಳಗಿನಿಂದಲೇ "ಯಾವ ಜನ?" ಎಂದರು.

"ಶಿಕಾರಿಪುರದವರು. ಪಿಂಜಾರರ ಹುಡುಗಿ. ಅಪ್ಪ ಹಾಸಿಗೆ ಹೊಲಿತಾರಂತೆ."

ಅತ್ತೆ "ಹ್ಞೂಂ" ಎಂದರು. ಆ ಹ್ಞೂಂಗೆ ಹೌದು ಎಂಬ ಅರ್ಥವಿರಲಿಲ್ಲ. ಒಲೆ ಬೇರೆ, ನೀರಿನ ಕೊಡ ಬೇರೆ, ಹಿತ್ತಿಲ ಬಾಗಿಲು ಬಳಸಬಾರದು ಎಂದು ಒಂದೊಂದಾಗಿ ಹೇಳಿದರು. ನಿಮ್ಮಜ್ಜ ಎಲ್ಲದಕ್ಕೂ ತಲೆಯಾಡಿಸಿದರು. ಅವರು ಅಮ್ಮನ ಹತ್ತಿರ ವಾದ ಮಾಡುವವರಲ್ಲ. ತಲೆಯಾಡಿಸಿ ತಮಗೆ ತೋಚಿದ್ದನ್ನು ಮಾಡುವವರು.

ಟೀಚರ್ ಬಂದದ್ದು ಎತ್ತಿನ ಗಾಡಿಯಲ್ಲಿ. ಒಂದು ಟ್ರಂಕು, ಒಂದು ರೇಡಿಯೋ, ಸುರುಳಿ ಸುತ್ತಿದ ದೊಡ್ಡದೊಂದು ಹಾಸಿಗೆ. ಅದನ್ನು ಜಗಲಿಯ ಮೇಲೆ ಬಿಸಿಲಿಗೆ ಬಿಡಿಸಿ ಒಳಗೆ ಕಸ ಗುಡಿಸುತ್ತಿದ್ದರು. ಅತ್ತೆಗೆ ಆಗ ಸೊಂಟನೋವು. ಯಾರೂ ನೋಡುತ್ತಿಲ್ಲ ಎಂದುಕೊಂಡು ಹಾಸಿಗೆಯ ಅಂಚಿನಲ್ಲಿ ಕೂತರು. ಆಮೇಲೆ ಸ್ವಲ್ಪ ಒಳಗೆ ಸರಿದರು. ಟೀಚರ್ ಹೊರಗೆ ಬಂದಾಗ ಅತ್ತೆ ಉದ್ದಕ್ಕೆ ಮಲಗಿ ಗೊರಕೆ ಹೊಡೆಯುತ್ತಿದ್ದರು. ಏಳಿಸಲು ಹೋದ ನನ್ನನ್ನು ಟೀಚರ್ ತಡೆದು, "ಮಲಗ್ಲಿ ಬಿಡ್ರಿ ಅಕ್ಕಾ. ಅಪ್ಪ ಕೇಳಿದ್ರೆ ಖುಷಿ ಪಡ್ತಾರ" ಎಂದರು. ಆವತ್ತಿನಿಂದ ಹಿತ್ತಿಲ ಬಾಗಿಲಿನ ಮಾತು ಎತ್ತಿದವರಿಲ್ಲ. ನೀರಿನ ಕೊಡ ಮಾತ್ರ ಒಂದೆರಡು ತಿಂಗಳು ಬೇರೆಯೇ ಇತ್ತು. ಆಮೇಲೆ ಯಾವ ಕೊಡ ಯಾರದ್ದು ಎಂದು ಅತ್ತೆಗೇ ಗೊತ್ತಾಗದೆ ಬಿಟ್ಟರು. ಮುಂದಿನ ಬೇಸಗೆಯಲ್ಲಿ ಟೀಚರ ಅಪ್ಪನೇ ಬಂದು ನಮಗೂ ಒಂದು ಹಾಸಿಗೆ ಹೊಲಿದುಕೊಟ್ಟು ಹೋದರು. ಅದೇ ಕಿರಣನಿಗೆ ಕಲ್ಲು ಸಿಕ್ಕಿದ ಹಾಸಿಗೆ.

ಟೀಚರ್ "ಅಕ್ಕಾ" ಎಂದು ಕರೆದಾಗ ನನಗೇನಾಯಿತೆಂದು ಹೇಳಲೇಬೇಕು. ನನ್ನ ತವರು ಉಡುತಡಿ ಇರುವುದು ಶಿಕಾರಿಪುರದ ಕಡೆ. ನಮ್ಮಲ್ಲಿ "ಐತಿ" "ಹೆಂಗ" ಎನ್ನುತ್ತಾರೆ. ಮದುವೆಯಾಗಿ ಸೊರಬದ ಕಡೆ ಬಂದ ಹೊಸದರಲ್ಲಿ ನಾನು ಬಾಯಿ ತೆರೆದರೆ ಮನೆಮಂದಿ ನಗುತ್ತಿದ್ದರು. ಕೆಟ್ಟ ನಗುವಲ್ಲ, ನಾದಿನಿಯರು ನನ್ನ ಹಾಗೆ ಮಾತಾಡಿ ತೋರಿಸಿ ಖುಷಿ ಪಡುತ್ತಿದ್ದರು, ಅಷ್ಟೆ. ಮೊದಲೇ ಕಡಿಮೆ ಮಾತಿನವಳು, ಇನ್ನಷ್ಟು ಕಡಿಮೆ ಮಾಡಿಕೊಂಡೆ. ಆ ಕೋಣೆಯಿಂದ ತವರಿನ ಮಾತು ಕೇಳಿಸತೊಡಗಿದ ಮೇಲೆ ನಾನು ಸಂಜೆ ಅಕ್ಕಿ ಆರಿಸುವ ಮೊರ ಹಿಡಿದು ಅಲ್ಲೇ ಹೋಗಿ ಕೂರುತ್ತಿದ್ದೆ. ಹೆಚ್ಚು ಮಾತು ಅವರದೇ. ಕ್ರಿಕೆಟ್ ನಡೆಯುವ ದಿನಗಳಲ್ಲಿ ಅದೂ ಇಲ್ಲ. ಟೀಚರಿಗೆ ರೇಡಿಯೋದ ಕ್ರಿಕೆಟ್ ವಿವರಣೆ ಎಂದರೆ ಪ್ರಾಣ. ಯಾರೋ ಔಟಾದರೆ ಅನ್ನದ ಪಾತ್ರೆ ಇಳಿಸುವುದನ್ನೇ ಮರೆಯುತ್ತಿದ್ದರು. ನನಗೆ ಇವತ್ತಿಗೂ ಕ್ರಿಕೆಟ್ ಅರ್ಥವಾಗುವುದಿಲ್ಲ. ಆದರೆ ಸೀದ ಅನ್ನದ ವಾಸನೆ ಬಂದರೆ ನಮ್ಮವರು ಸೋತರು ಎನಿಸುತ್ತದೆ.

ಭಾನುವಾರ ಶಿರಾಳಕೊಪ್ಪದ ಬಸ್ಸು ಹತ್ತಿ ಹೋಗಿ ಬಳೆ ತರುವುದು ಅವರ ಇನ್ನೊಂದು ಹುಚ್ಚು. ಜೊತೆಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಬಜ್ಜಿಯನ್ನು ಸವಿತಾ ತಿನ್ನುತ್ತಿದ್ದಳು, ಬಳೆಯನ್ನು ಅತ್ತೆ ಕೈಯಲ್ಲಿ ಹಿಡಿದು "ಇದೆಂತ ಬಣ್ಣ ಮಾರಾಯ್ತಿ, ಗಿಣಿ ವಾಂತಿ ಮಾಡ್ಕಂಡ ಹಾಗೆ" ಎನ್ನುತ್ತಿದ್ದರು. ಟೀಚರ್ ಮರುದಿನ ಅದೇ ಬಳೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದರು.

ಅವರು ಕಲಿಸುತ್ತಿದ್ದುದು ಲೆಕ್ಕ. ಏಳನೆಯ ತರಗತಿಯಲ್ಲಿ ಲೆಕ್ಕದಲ್ಲೇ ಫೇಲಾದವರು ಎಂದು ಅವರೇ ಮಕ್ಕಳಿಗೆ ಹೇಳಿದ್ದರು. ಅವರ ಮೇಷ್ಟ್ರು ಭಿನ್ನರಾಶಿ ಬರಲಿಲ್ಲವೆಂದು ಬೆರಳಿನ ಗಿಣ್ಣಿಗೆ ಹೊಡೆಯುತ್ತಿದ್ದರಂತೆ. ಫೇಲಾಗಿ, ಮನೆಯಲ್ಲಿ ಕೂತು ಹತ್ತಿ ಬಿಡಿಸುತ್ತ, ಒಂದು ಕೌದಿಯ ತುಂಡನ್ನು ಕತ್ತರಿಸುವಾಗ ಭಿನ್ನರಾಶಿ ತಲೆಗೆ ಹೊಳೆಯಿತಂತೆ. ಮತ್ತೆ ಪರೀಕ್ಷೆ ಕಟ್ಟಿ, ಪಾಸಾಗಿ, ಮುಂದೆ ಓದಿ, ಟೀಚರ್ ತರಬೇತಿಗೂ ಹೋದರು. ಅವರ ಮನೆತನದಲ್ಲಿ ಸಂಬಳ ಎಣಿಸಿದ ಮೊದಲ ಹೆಣ್ಣು.

ಒಮ್ಮೆ ಶಿಕ್ಷಕರ ದಿನಾಚರಣೆಗೆ ಬಂದ ಅತಿಥಿಯೊಬ್ಬರು ಮೈಕಿನಲ್ಲಿ, "ಇವರ ತಂದೆ ಹತ್ತಿಯನ್ನು ಹಿಂಜಿದರು, ಇವರು ಮಕ್ಕಳ ಮನಸ್ಸನ್ನು ಹಿಂಜಿ ಹಗುರ ಮಾಡುತ್ತಿದ್ದಾರೆ" ಎಂದರು. ಚಪ್ಪಾಳೆಯೋ ಚಪ್ಪಾಳೆ. ಟೀಚರ್ ಮನೆಗೆ ಬಂದವರು ಚಪ್ಪಲಿ ಬಿಡುತ್ತ, "ಅಪ್ಪ ಹತ್ತಿ ಧೂಳು ಕುಡಿದು ಇಡೀ ದಿನ ಕೆಮ್ಮುತಾರ್ರಿ ಅಕ್ಕಾ. ಅದು ಒಬ್ರಿಗೂ ನೆನಪಾಗಂಗಿಲ್ಲ" ಎಂದರು. ಆಮೇಲೆ ನಕ್ಕು, "ನಾ ಯಾರ ಮನಸ್ಸೂ ಹಿಂಜಿಲ್ಲ. ಹಿಂಜೋದು ಭಾಳ ನೋವಿನ ಕೆಲಸ" ಎಂದರು.

ಅವರು ಮಾಡುತ್ತಿದ್ದುದು ಬೇರೆಯೇ. ಪ್ರತಿ ವರ್ಷ ಶಾಲೆ ಶುರುವಾದಾಗ ತಮಗೆ ಏನೇನೂ ಬಾರದ ಒಂದು ಕೆಲಸವನ್ನು ಆರಿಸಲು ಮಕ್ಕಳಿಗೇ ಹೇಳುತ್ತಿದ್ದರು. ಆ ವರ್ಷವೆಲ್ಲ ಟೀಚರ್ ಅದನ್ನು ಮಕ್ಕಳ ಕಣ್ಣೆದುರಿಗೇ ಕಲಿಯಬೇಕು. ಶನಿವಾರ ಬೆಳಗಿನ ಶಾಲೆಯಲ್ಲಿ ಎಷ್ಟು ಕಲಿತೆನೆಂದು ತೋರಿಸಬೇಕು. ಯಾರು ಕಲಿಸಿದರೋ ಅವರು ಬೋರ್ಡಿನ ಮೇಲೆ ಟೀಚರಿಗೆ ಅಂಕ ಬರೆಯಬೇಕು. ಸುಮ್ಮನೆ ಬರೆದರೆ ಸಾಲದು, ಯಾಕೆ ಅಷ್ಟು ಎಂದೂ ಹೇಳಬೇಕು. ಮೊದಲ ವರ್ಷ ಮಕ್ಕಳು ಸೈಕಲ್ ಆರಿಸಿದರು. ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ ಶಾಲೆಯ ಬಯಲಿನಲ್ಲಿ ಟೀಚರ್ ಬೀಳುವುದನ್ನು ನೋಡಲು ಕೆರೆಗೆ ಬಟ್ಟೆ ಒಗೆಯಲು ಹೊರಟವರು ನಿಲ್ಲುತ್ತಿದ್ದರು. ಎರಡನೆಯ ವರ್ಷ ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಚಿತ್ತಾರ ಬರೆಯುವುದು. ನಾರಿನ ಕುಂಚ ಹಿಡಿದು ಅವರು ಎಳೆದ ಗೆರೆಯನ್ನು ಕಂಡು ಒಬ್ಬಳು ಹುಡುಗಿ, "ಟೀಚರ್, ಇದು ಎರೆಹುಳ ಹರಿದ ಹಾಗಿದೆ" ಎಂದು ನೂರಕ್ಕೆ ಹನ್ನೆರಡು ಕೊಟ್ಟಳು.

"ಮಕ್ಕಳ ಹತ್ರ ಹೀಗೆ ಅನ್ನಿಸ್ಕಂಡ್ರೆ ಮರ್ಯಾದೆ ಉಳಿತದಾ ಅಕ್ಕೋರೆ?" ಎಂದು ಅತ್ತೆ ಕೇಳಿದ್ದರು. ಹಳಬರು ಹೆಂಗಸು ಮೇಷ್ಟ್ರನ್ನು ಅಕ್ಕೋರು ಎನ್ನುತ್ತಿದ್ದರು.

"ಕಲಿಯೋದು ಅಂದ್ರೆ ಹೆಂಗಿರ್ತೈತಿ ಅನ್ನೋದು ನಮಗ ಮರೆತುಹೋಗ್ತೈತಿ ಅಜ್ಜಿ" ಎಂದರು ಟೀಚರ್. "ಮರೆತ ದಿನ ನಾವು ಹೊಡಿಯಾಕ ಶುರು ಮಾಡ್ತೀವಿ."

ಅತ್ತೆಗೆ ಒಪ್ಪಿಗೆಯಾಗಲಿಲ್ಲ. "ಅಕ್ಕೋರು ಒಳ್ಳೆಯವರು. ತಲೆ ಸ್ವಲ್ಪ ಹೀಗೆ" ಎಂದು ಅಂಗೈ ಅಲ್ಲಾಡಿಸಿ ತೋರಿಸುತ್ತಿದ್ದರು.

ಸವಿತಾ ಏಳನೆಯ ತರಗತಿಗೆ ಬಂದ ವರ್ಷ, ಶಾಲೆ ಶುರುವಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ, ನಿಮ್ಮಜ್ಜ ತೀರಿಕೊಂಡರು. ಸಸಿ ಮಡಿಯ ಬದುವಿನ ಮೇಲೆ ಎದೆನೋವು ಎಂದು ಕೂತವರು ಏಳಲಿಲ್ಲ. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬರೆಯಲು ಬರುವುದೂ ಇಲ್ಲ.

ನಿಮ್ಮಮ್ಮ ಅಪ್ಪನ ಬಾಲ. ಅವರು ಹೋದ ಮೇಲೆ ಅವಳ ಮಾತು ನಿಂತಿತು. ಅಳಲೂ ಇಲ್ಲ. ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮೇಲೆ ಶಾಲೆಗೆ ಹೋಗು ಎಂದರೆ ಹೊಟ್ಟೆನೋವು ಎಂದಳು. ಆಮೇಲೆ ಹೊಟ್ಟೆನೋವನ್ನೂ ಹೇಳುವುದು ಬಿಟ್ಟು ಸುಮ್ಮನೆ ತಲೆ ಅಲ್ಲಾಡಿಸಿದಳು. ಅವಳು ಬೆಳಿಗ್ಗೆ ಎದ್ದು ಮಾಡುತ್ತಿದ್ದ ಒಂದೇ ಕೆಲಸವೆಂದರೆ ಎಮ್ಮೆ ಹಾಲು ಕರೆಯುವುದು. ನಮ್ಮ ಕರಿ ಎಮ್ಮೆ ಬಹಳ ಸಿಟ್ಟಿನದು, ನಿಮ್ಮಜ್ಜನ ಕೈ ಬಿಟ್ಟರೆ ಸವಿತಾಳ ಕೈಗೆ ಮಾತ್ರ ಹಾಲು ಬಿಡುತ್ತಿತ್ತು. ನನ್ನನ್ನು ಕಂಡರೆ ಕಾಲು ಎತ್ತುತ್ತಿತ್ತು. ಹಾಲು ಕರೆದಿಟ್ಟು, ಕೊಟ್ಟಿಗೆಯಲ್ಲೇ ಹುಲ್ಲಿನ ಮೇಲೆ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ.

ಊರಿನವರು ಬಂದು ಬುದ್ಧಿ ಹೇಳಿದರು. ಹೆಡ್‌ಮೇಷ್ಟ್ರು ಬಂದು, ಈ ವರ್ಷ ಪಬ್ಲಿಕ್ ಪರೀಕ್ಷೆ, ಹೀಗೆಯೇ ಗೈರುಹಾಜರಾದರೆ ಕೂರಿಸಲು ಆಗುವುದಿಲ್ಲ ಎಂದರು. ನನ್ನ ಓದೂ ಅದೇ ತರಗತಿಗೆ ನಿಂತಿತ್ತು. ಇವಳದೂ ಅಲ್ಲೇ ನಿಂತರೆ, ಇನ್ನೆರಡು ವರ್ಷಕ್ಕೆ ಯಾವುದಾದರೂ ಗಂಡು ನೋಡುತ್ತಾರೆ, ಅಲ್ಲಿಗೆ ಮುಗಿಯಿತು. ನನಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಆದರೆ ಅವಳಿಗೆ ಹೇಳುವುದು ಹೇಗೆ? ಟೀಚರನ್ನು ಕೇಳಿದೆ. "ನೀವೊಂದು ಮಾತು ಹೇಳ್ರಿ. ನಿಮ್ಮ ಮಾತು ಕೇಳ್ತಾಳೆ."

"ಎಲ್ಲಾರೂ ಹೇಳ್ಯಾರಲ್ರೀ ಅಕ್ಕಾ" ಎಂದರು. "ನಾ ಹೇಳಿದ್ರೆ ಇನ್ನೊಂದು ಆತು, ಅಷ್ಟ."

ನನಗೆ ಸ್ವಲ್ಪ ಬೇಜಾರೇ ಆಯಿತು.

ಆ ವರ್ಷ ಟೀಚರ್ ಕಲಿಯಬೇಕಾದ ಕೆಲಸವನ್ನು ಏಳನೆಯ ತರಗತಿಯವರು ನಿಮ್ಮಜ್ಜ ಇರುವಾಗಲೇ ಆರಿಸಿಬಿಟ್ಟಿದ್ದರು: ಎಮ್ಮೆ ಹಾಲು ಕರೆಯುವುದು. ಟೀಚರಿಗೆ ಎಮ್ಮೆ ಎಂದರೆ ಭಯ ಎಂದು ಗೊತ್ತಿದ್ದೇ ಆರಿಸಿದ್ದು, ತುಂಟ ಮುಂಡೆವು. ಟೀಚರ್ ಶಿಕಾರಿಪುರದ ಪೇಟೆ ಬೀದಿಯಲ್ಲಿ ಬೆಳೆದವರು. ನಮ್ಮ ಕೊಟ್ಟಿಗೆ ದಾಟುವಾಗ ಗೋಡೆಗೆ ಅಂಟಿಕೊಂಡು ನಡೆಯುತ್ತಿದ್ದರು. ಮನೆಯಲ್ಲಿ ಹೀಗಾದ ಮೇಲೆ ಅವರು ಅದನ್ನು ಮುಂದಕ್ಕೆ ಹಾಕುತ್ತ ಬಂದಿದ್ದರು. ಮಕ್ಕಳು ಬಿಡಬೇಕಲ್ಲ. ಒಂದು ಬೆಳಿಗ್ಗೆ ಟೀಚರ್ ಸೆರಗು ಕಟ್ಟಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಸವಿತಾ, ನಂಗೆ ಕಲಿಸ್ತೀಯೇನವ್ವ?" ಎಂದು ಕೇಳಿದರು.

ಸವಿತಾ ಸ್ವಲ್ಪ ಸರಿದು ಜಾಗ ಬಿಟ್ಟಳು.

ಎಮ್ಮೆ ಹಾಲು ಕರೆಯುವುದು ನೋಡುವಷ್ಟು ಸುಲಭವಲ್ಲ. ಮೊದಲು ಕರು ಬಿಟ್ಟು, ಎಮ್ಮೆಯ ಮನಸ್ಸು ಕರಗಿ ಕೆಚ್ಚಲಿಗೆ ಹಾಲು ಇಳಿಯುವವರೆಗೆ ಕಾಯಬೇಕು. ಆಮೇಲೆ ಹೆಬ್ಬೆರಳು ಮಡಿಸಿ, ಮೇಲಿನಿಂದ ಕೆಳಕ್ಕೆ ಒತ್ತಿ ಹಿಂಡಬೇಕು. ಟೀಚರ್ ಹಿಂಡುವ ಬದಲು ಎಳೆಯುತ್ತಿದ್ದರು, ಬಾವಿಯಿಂದ ನೀರು ಸೇದುವ ಹಾಗೆ. ಎಮ್ಮೆ ತಿರುಗಿ ನೋಡುತ್ತಿತ್ತು. ಅದು ನೋಡಿದರೆ ಸಾಕು, ಟೀಚರ್ ಎದ್ದು ಬಾಗಿಲಲ್ಲಿರುತ್ತಿದ್ದರು. ಎರಡು ದಿನ ಸವಿತಾ ಕೈಸನ್ನೆಯಲ್ಲೇ ತೋರಿಸಿದಳು. ಮೂರನೆಯ ದಿನವೋ ನಾಲ್ಕನೆಯ ದಿನವೋ, ನಾನು ಒಲೆಯ ಮುಂದೆ ಇದ್ದೆ, ಕೊಟ್ಟಿಗೆಯಿಂದ ಒಂದು ಕೂಗು ಕೇಳಿಸಿತು.

"ಎಳೀಬೇಡಿ ಅಂದ್ನಲ್ಲ! ಎಷ್ಟು ಸಲ ತೋರಿಸೋದು? ಅದಕ್ಕೆ ನೋವಾಗಲ್ವಾ?"

ಒಂದು ತಿಂಗಳ ಮೇಲೆ ಕೇಳಿದ ನಿಮ್ಮಮ್ಮನ ಗಂಟಲು ಅದು. ನಾನು ಊದುಕೊಳವೆ ಹಿಡಿದುಕೊಂಡು ಹಾಗೇ ಕೂತೆ. ಅತ್ತೆ ದೇವರ ಮನೆಯಿಂದ ಇಣುಕಿ, "ಅಕ್ಕೋರಿಗೆ ಬೈತಾ ಇದೆಯಲ್ಲೇ ಅದು" ಎಂದು ಪಿಸುಗುಟ್ಟಿದರು. ತಡೆಯಬೇಕೋ ಬಿಡಬೇಕೋ ಇಬ್ಬರಿಗೂ ಗೊತ್ತಾಗಲಿಲ್ಲ.

ಆದರೆ ಸವಿತಾ ಶಾಲೆಗೆ ಹೋಗಲಿಲ್ಲ. ಬೆಳಿಗ್ಗೆ ಟೀಚರಿಗೆ ಬೈಯುವುದು, ಆಮೇಲೆ ಮತ್ತೆ ಹುಲ್ಲಿನ ಮೇಲೆ ಕೂರುವುದು. ಟೀಚರ್ ಕೈಕಾಲು ತೊಳೆದು ಶಾಲೆಗೆ ಹೊರಡುವರು, ಬಾ ಎಂದು ಒಮ್ಮೆಯೂ ಕರೆಯಲಿಲ್ಲ.

ಶನಿವಾರ ಬಂತು. ತರಗತಿಗೆ ತೋರಿಸಲು ಟೀಚರ್ ತಾವು ಕರೆದ ಹಾಲನ್ನು ಚಿಕ್ಕ ಕ್ಯಾನಿನಲ್ಲಿ ಒಯ್ಯಬೇಕು. ಬೆಳಿಗ್ಗೆಯಿಂದ ಗುದ್ದಾಡಿದರೂ ಎಮ್ಮೆ ಅವರ ಕೈಗೆ ಒಂದು ಹನಿ ಬಿಟ್ಟಿರಲಿಲ್ಲ. "ಇರಲಿ, ಖಾಲಿ ಕ್ಯಾನೇ ತೋರಿಸ್ತೀನಿ. ಬರಲಿಲ್ಲ ಅಂದ್ರೆ ಬರಲಿಲ್ಲ" ಎಂದು ಅದನ್ನು ಜಗಲಿಯ ಮೇಲಿಟ್ಟು ಸೀರೆ ಬದಲಿಸಲು ಹೋದರು. ಕ್ಯಾನು ಒಯ್ಯಲು ಸವಿತಾಳ ತರಗತಿಯ ಇಬ್ಬರು ಹುಡುಗಿಯರು ಆಗಲೇ ಅಂಗಳದಲ್ಲಿ ನಿಂತಿದ್ದರು.

ಈಗ ನನ್ನ ಅತ್ತೆಯ ವಿಷಯ. ಅವರ ಮನೆಯಿಂದ ಖಾಲಿ ಪಾತ್ರೆ ಹೊಸ್ತಿಲು ದಾಟುವ ಹಾಗಿರಲಿಲ್ಲ. ಪಕ್ಕದ ಮನೆಯವರು ಸಾರು ಕೊಟ್ಟ ಬಟ್ಟಲನ್ನು ಹಿಂದಿರುಗಿಸುವಾಗ ಒಂದು ಹಿಡಿ ಅವಲಕ್ಕಿ, ಅದೂ ಇಲ್ಲದಿದ್ದರೆ ಎರಡು ಹಸಿಮೆಣಸಿನಕಾಯಿ, ಏನಾದರೂ ಅದರಲ್ಲಿ ಇರಲೇಬೇಕು. ಅದರಲ್ಲೂ ಹಾಲಿನ ಪಾತ್ರೆ, ಅದರಲ್ಲೂ ಗಂಡಸು ಹೋಗಿ ಇನ್ನೂ ಎರಡು ತಿಂಗಳಾಗದ ಮನೆ, ಹೊರಗೆ ಒಯ್ಯುತ್ತಿರುವುದು ಊರ ಮಕ್ಕಳು. ಅತ್ತೆ ಅತ್ತಿತ್ತ ನೋಡಿದರು. ಸವಿತಾ ಕರೆದಿಟ್ಟಿದ್ದ ಹಾಲನ್ನು ಕ್ಯಾನಿಗೆ ತುಂಬ ಸುರಿದು ಮುಚ್ಚಳ ಹಾಕಿದರು. ಹುಡುಗಿಯರು ಎರಡು ಕಡೆ ಹಿಡಿದುಕೊಂಡು ಹೋಗಿಯೇಬಿಟ್ಟರು. ಟೀಚರ್ ಹಿಂದಿನಿಂದ ಓಡಿದರು.

ಮುಂದಿನದು ಆ ಹುಡುಗಿಯರಿಂದಲೇ ತಿಳಿದದ್ದು. ಟೀಚರ್ ತರಗತಿಯ ಎದುರು ನಿಂತು, "ಈ ವಾರ ನಂಗೆ ಏನೂ ಬರಲಿಲ್ಲ, ನೋಡ್ರಿ" ಎಂದು ಗಂಭೀರವಾಗಿ ಮುಚ್ಚಳ ತೆಗೆದರು. ಕಂಠದವರೆಗೆ ಹಾಲು! ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಟೀಚರ್ ಕಕ್ಕಾಬಿಕ್ಕಿ. "ಇದು ನನ್ನದಲ್ಲ" ಎಂದರು. ಯಾರೂ ನಂಬಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಎದ್ದು, "ಗೊತ್ತಾತು! ಸವಿತಾ ಕರೆದು ಕೊಟ್ಟಿದ್ದು. ಟೀಚರ್ ಕಾಪಿ ಹೊಡೆದಾರೆ!" ಎಂದ. ತರಗತಿ ತುಂಬ "ಕಾಪಿ! ಕಾಪಿ!" ಎಂಬ ಕೂಗು.

ಹುಡುಗಿಯರು ಏದುಸಿರು ಬಿಡುತ್ತ ನಮ್ಮ ಕೊಟ್ಟಿಗೆಗೆ ಓಡಿಬಂದರು. "ಸವಿತಾ, ನೀನು ಟೀಚರಿಗೆ ಕಾಪಿ ಕೊಟ್ಯಂತೆ ಹೌದಾ? ಎಲ್ಲರೂ ಹೇಳ್ತಾ ಇದಾರೆ."

ಸವಿತಾ ಸಗಣಿ ಕೈಯಲ್ಲೇ ಎದ್ದು ನಿಂತಳು. "ಯಾರು ಹೇಳಿದ್ದು?"

"ಕ್ಯಾನು ತುಂಬ ಹಾಲು ಇದೆ ಮಾರಾಯ್ತಿ!"

ಅವಳು ಸೀದಾ ಅಡಿಗೆಮನೆಗೆ ಬಂದಳು, ಖಾಲಿಯಾದ ಹಾಲಿನ ಪಾತ್ರೆ ನೋಡಿದಳು, ಅಜ್ಜಿಯನ್ನು ನೋಡಿದಳು.

"ನಾನೇ ಹಾಕಿದ್ದು. ಎಂತ ಈಗ?" ಎಂದರು ಅತ್ತೆ. "ಬರೀ ಪಾತ್ರೆ ಹಿಡ್ಕಂಡು ಹೋಗಕ್ಕೆ ಇದೇನು ಮಸಣಾನಾ?"

"ಅಜ್ಜೀ!" ಎಂದು ಕಿರುಚಿದಳು. "ಅವರಿಗೆ ಒಂದು ಹನಿನೂ ಬಂದಿಲ್ಲ! ನಾನು ಸುಳ್ಳಿ ಆಗೋದಾ ಈಗ?" ಎಂದವಳೇ ಅಂಗಳಕ್ಕಿಳಿದು ಓಡಿದಳು. ಹಳೇ ಲಂಗ, ಕೆದರಿದ ತಲೆ, ಬರಿಗಾಲು. ನಾನು ಅವಳ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದಿನಿಂದ ಓಡಿದೆ. ನಿಮ್ಮಜ್ಜ ಹೋದ ಮೇಲೆ ನಾನು ಬೀದಿಗೆ ಇಳಿದದ್ದು ಅದೇ ಮೊದಲು; ಅದು ಶಾಲೆ ಮುಟ್ಟಿದ ಮೇಲೆ ಹೊಳೆಯಿತು. ಒಳಗೆ ಹೋಗಲು ಧೈರ್ಯ ಸಾಲದೆ ಕಿಟಕಿಯ ಪಕ್ಕ ನಿಂತೆ.

ನಿಮ್ಮಮ್ಮ ತರಗತಿಯ ನಡುವೆ ನಿಂತು ಹೇಳುತ್ತಿದ್ದಳು. "ಕಾಪಿ ಯಾರೂ ಹೊಡೆದಿಲ್ಲ. ಅದು ನಮ್ಮಜ್ಜಿ ಹಾಕಿದ್ದು. ಟೀಚರಿಗೆ ಏನೂ ಬರಲ್ಲ. ಹಿಂಡು ಅಂದ್ರೆ ಎಳಿತಾರೆ. ಎಮ್ಮೆ ತಿರುಗಿದ್ರೆ ಓಡ್ತಾರೆ. ನಿನ್ನೆ ಅದರ ಬಾಲ ಮುಖಕ್ಕೆ ಬಡಿದಿದ್ದಕ್ಕೆ ಅಯ್ಯಯ್ಯೋ ಅಪ್ಪಾ ಅಂತ ಕೂಗಿದ್ರು."

ತರಗತಿ ಬಿದ್ದು ಬಿದ್ದು ನಕ್ಕಿತು. ಟೀಚರೂ ನಕ್ಕರು. "ಕೇಳಿದ್ರೇನು? ನಾ ಹೇಳಿದ್ರೆ ನಂಬಲಿಲ್ಲ" ಎಂದು ಸೀಮೆಸುಣ್ಣ ಅವಳ ಕಡೆ ಚಾಚಿದರು. "ಕಲಿಸಿದಾಕಿ ನೀನು. ಎಷ್ಟು ಕೊಡ್ತೀ ಬರಿ."

ಸವಿತಾ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬೋರ್ಡಿನ ಮೇಲೆ ದೊಡ್ಡದೊಂದು ಸೊನ್ನೆ ಬರೆದಳು. "ಪಾಪ ಕಣೇ, ಐದಾದ್ರೂ ಕೊಡೆ" ಎಂದು ಹುಡುಗಿಯರು ಗೋಗರೆದರು. "ಬಂದಿಲ್ಲ ಅಂದ್ಮೇಲೆ ಬಂದಿಲ್ಲ" ಎಂದಳು. ಟೀಚರ್ ಸೊನ್ನೆಯನ್ನು ನೋಡಿ ತಲೆದೂಗಿ, "ಸರಿ ಐತಿ. ಈಗ ಲೆಕ್ಕದ ಪುಸ್ತಕ ತೆಗೀರಿ" ಎಂದರು. ಹೆಣ್ಣುಮಕ್ಕಳ ಸಾಲಿನಲ್ಲಿ ಅವಳ ಜಾಗಕ್ಕೆ ಬೇರೆ ಯಾರೋ ಬಂದಿದ್ದರು. ಸರಿದು ಸರಿದು ಒಂದಿಷ್ಟು ಎಡೆ ಮಾಡಿಕೊಟ್ಟರು. ಅವಳು ಒಂದು ಕ್ಷಣ ಬಾಗಿಲ ಕಡೆ ನೋಡಿದಳು. ಆಮೇಲೆ ಹೋಗಿ ಆ ಎಡೆಯಲ್ಲಿ ಕೂತಳು. ನಾನು ಚಪ್ಪಲಿಯನ್ನು ಬಾಗಿಲ ಹೊರಗೆ, ಉಳಿದ ಮಕ್ಕಳ ಚಪ್ಪಲಿಯ ಜೊತೆಗಿಟ್ಟು ಮನೆಗೆ ಬಂದೆ. ಹಾಲನ್ನು ಶಾಲೆಯಲ್ಲೇ ಕಾಯಿಸಿ ಬೆಲ್ಲ ಹಾಕಿ ಎಲ್ಲರೂ ಕುಡಿದರಂತೆ.

ಅಂದಿನಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸೋಮವಾರ ಹೋದಳು, ಮಂಗಳವಾರ ಹೋಗಲಿಲ್ಲ. ಗದ್ದೆಯಲ್ಲಿ ಒಕ್ಕಲು ಶುರುವಾದಾಗ ಮತ್ತೆ ಕೆಲವು ದಿನ ಹುಲ್ಲಿನ ಮೇಲೆ ಕೂತಳು. ಆದರೆ ಶನಿವಾರ ಮಾತ್ರ ತಪ್ಪಿಸಲಿಲ್ಲ. ಅಂಕ ಬರೆಯಲು ಅವಳೇ ಬೇಕಲ್ಲ. ಪರೀಕ್ಷೆಗೆ ಕೂತಳು, ಪಾಸಾದಳು. ಟೀಚರೂ ವರ್ಷದ ಕೊನೆಗೆ ಕ್ಯಾನಿನ ತಳ ಮುಚ್ಚುವಷ್ಟು ಹಾಲು ಕರೆದು, ನಿಮ್ಮಮ್ಮನ ಕೈಯಲ್ಲಿ ಮೂವತ್ತೈದು ಅಂಕ ತೆಗೆದುಕೊಂಡು ಅಂಚಿನಲ್ಲಿ ಪಾಸಾದರು. ಆಮೇಲೆ ಅವರಿಗೆ ವರ್ಗವಾಯಿತು. ಈಗ ಶಿಕಾರಿಪುರದ ಕಡೆಯೇ ಒಂದು ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದಾರೆ, ನಿವೃತ್ತಿ ಹತ್ತಿರ. ನಿಮ್ಮಮ್ಮ ಕಂಡಕ್ಟರ್ ಆಗಿರುವ ಬಸ್ಸಿಗೇ ಕೆಲವು ಸಲ ಹತ್ತುತ್ತಾರಂತೆ. ಆ ಬಸ್ಸಿನಲ್ಲಿ ನಿಮ್ಮಮ್ಮನ ಬಾಯಿ ಎಂಥದ್ದೆಂದು ಶಿರಾಳಕೊಪ್ಪ ನಿಲ್ದಾಣದವರೆಲ್ಲರಿಗೂ ಗೊತ್ತು.

ಇಷ್ಟು ಬರೆದ ಮೇಲೆ ನನಗೊಂದು ಅನುಮಾನ ಬಂತು. ಇಷ್ಟು ವರ್ಷವಾದರೂ ನಾನು ಅವಳನ್ನು ಆ ದಿನಗಳ ಬಗ್ಗೆ ಕೇಳಿರಲೇ ಇಲ್ಲ. ನಿನ್ನೆ ಅವಳಿಗೆ ರಜೆ. ಅವಳು ಸೊಪ್ಪು ಸೋಸುತ್ತಿದ್ದಳು, ನಾನು ಅವಳ ಮುಖ ನೋಡದೆ ಕೇಳಿದೆ. "ಆವತ್ತು ಓಡಿಹೋಗಿ ಶಾಲೆಯಲ್ಲಿ ಕೂತೆಯಲ್ಲ, ಯಾಕೆ ವಾಪಸ್ ಬರಲಿಲ್ಲ?"

ಅವಳು ಸೊಪ್ಪಿನ ಕಡ್ಡಿ ಮುರಿಯುತ್ತಲೇ ಹೇಳಿದಳು.

"ಅಪ್ಪ ಹೋದ ಮೇಲೆ ಎಲ್ಲರೂ ನನ್ನ ಹತ್ರ ಮೆತ್ತಗೆ ಮಾತಾಡೋರು ಅಮ್ಮ. ನೀನು, ಅಜ್ಜಿ, ಹೆಡ್‌ಮೇಷ್ಟ್ರು, ಎಲ್ಲರೂ. ನಂಗೆ ಯಾರಿಗಾದ್ರೂ ಜೋರಾಗಿ ಬೈಬೇಕು ಅನ್ನಿಸ್ತಿತ್ತು. ಯಾರಿಗೆ ಬೈಯೋದು? ಟೀಚರ್ ಒಬ್ರೇ ಬೈಸ್ಕಂಡಿದ್ದು. ಬೈಸ್ಕಂಡು ಮರುದಿನ ಮತ್ತೆ ಬರೋರು."

ಆಮೇಲೆ ಎದ್ದು ಸೊಪ್ಪು ತೊಳೆಯಲು ಹೋದಳು.

ರಾತ್ರಿಯೆಲ್ಲ ಯೋಚಿಸಿದೆ. ಇದನ್ನು ಆ ಟೀಚರಿಗೆ ಯಾರೂ ಹೇಳಿರಲಿಕ್ಕಿಲ್ಲ. ಇವತ್ತು ಮಧ್ಯಾಹ್ನ ಅನುವಿನ ಹತ್ತಿರ ನಂಬರು ಒತ್ತಿಸಿಕೊಂಡು, ಅವಳನ್ನು ಆಚೆ ಕಳಿಸಿ, ಫೋನನ್ನು ಕಿವಿಗಿಟ್ಟೆ.

"ಯಾರ್ರಿ?"

"ನಾನು. ಹೊಸಬಾಳೆ ಸವಿತಾಳ ಅಮ್ಮ."

"ಅಕ್ಕಾ! ಏನಾತ್ರಿ? ಎಲ್ಲಾರೂ ಆರಾಮ ಅದೀರಿಲ್ಲೋ?"

ಆರಾಮ ಎಂದೆ. ಆಮೇಲೆ ಸವಿತಾ ಹೇಳಿದ್ದನ್ನು, ಮರೆತುಹೋಗಬಾರದೆಂದು ಬರೆದುಕೊಂಡಿದ್ದೆ, ಹಾಗೇ ಓದಿದೆ. ಆ ಕಡೆ ಟೀಚರ್ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಅಕ್ಕಾ, ಒಂದು ಖರೇ ಮಾತು ಹೇಳ್ಲೇನು? ನಾ ಯಾವ ಉಪಾಯನೂ ಮಾಡಿದ್ದಿಲ್ರೀ. ನಂಗೆ ನಿಜವಾಗ್ಲೂ ಹಾಲು ಹಿಂಡಾಕ ಬರ್ತಿದ್ದಿಲ್ಲ. ಆಕಿ ಬೈದಾಗೆಲ್ಲ ಭಾಳ ಸಿಟ್ಟು ಬರ್ತಿತ್ತು. ರೂಮಿಗೆ ಹೋಗಿ, ಬಾಗಲಾ ಹಾಕ್ಕೊಂಡು, ಆಕಿನ್ನ ಬೈದೂ ಬೈದೆ."

"ಮತ್ತೆ ಮರುದಿನ ಯಾಕ ಬರ್ತಿದ್ರಿ?" ಎಂದೆ.

"ಆಕಿ ಬೈಯೋದು ನಿಲ್ಲಿಸಿಬಿಟ್ರೆ ಅಂತ ಹೆದರಿಕಿ ಆಗ್ತಿತ್ರಿ."

ಇಬ್ಬರೂ ಫೋನಿನ ಎರಡು ತುದಿಯಲ್ಲಿ ಸುಮ್ಮನೆ ಇದ್ದೆವು, ನನಗೇನೂ ಕಷ್ಟವೆನಿಸಲಿಲ್ಲ. ಅಷ್ಟರಲ್ಲಿ ನಿಮ್ಮಮ್ಮ ಡ್ಯೂಟಿ ಮುಗಿಸಿ ಬಂದಳು. ಖಾಕಿ ಅಂಗಿ, ಹೆಗಲಲ್ಲಿ ಚೀಲ. "ಯಾರ ಹತ್ರ ಅಮ್ಮ, ಬಾಗಿಲು ತೆಗ್ದಿಟ್ಟು?" ಎಂದಳು. ನಾನು ಫೋನನ್ನು ಅವಳ ಕೈಗೆ ಕೊಟ್ಟೆ.

ಅವಳು ನಿಂತಲ್ಲೇ ಕೇಳಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಅವಳ ಹುಬ್ಬು ಮೇಲೇರಿತು. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಎಂದಳು: "ಬೈದ್ರಾ? ನಂಗೆ ಬೈದ್ರಾ ಟೀಚರ್? ಏನಂತ ಬೈದ್ರಿ? ಈಗ ಹೇಳಿ, ಕೇಳ್ತೀನಿ."